ಅಳೆಯದ ಮಳೆ

ನಮ್ಮ ಹೆಂಗಸರ ಕೈಗೆ ಒಂದು ಗುಣವಿದೆ. ಏನಾದರೂ ಕಡಿಮೆ ಬಿದ್ದರೆ ಅದು ಸುಮ್ಮನೆ ಕೂರುವುದಿಲ್ಲ. ನಾಲ್ಕು ಜನಕ್ಕೆಂದು ಇಟ್ಟ ಸಾರಿಗೆ ಆರು ಜನ ಬಂದರೆ ಒಂದು ಲೋಟ ನೀರು, ಒಂದು ಚಿಟಿಕೆ ಪುಡಿ, ಇನ್ನೊಂದು ಕುದಿ. ಮಗಳ ಲಂಗಕ್ಕೆ ಉದ್ದ ಸಾಲದಿದ್ದರೆ ಹಳೇ ಸೀರೆಯ ಅಂಚು. ತಿಂಗಳ ಕೊನೆಗೆ ದುಡ್ಡು ಸಾಲದಿದ್ದರೆ ಸಾಸಿವೆ ಡಬ್ಬಿಯ ತಳ. ಮನೆಯ ಗಂಡಸರಿಗೆ ಕಡಿಮೆ ಬಿದ್ದದ್ದು ಗೊತ್ತೇ ಆಗುವುದಿಲ್ಲ. ಹಾಗೆ ಗೊತ್ತಾಗದಂತೆ ಸರಿದೂಗಿಸುವುದೇ ಜಾಣತನ ಎಂದು ನನ್ನ ತಾಯಿ ನನಗೆ ಕಲಿಸಿದ್ದರು. ಅವರಿಗೆ ಅವರ ತಾಯಿ ಕಲಿಸಿದ್ದರು. ಈ ವಿದ್ಯೆಯಲ್ಲಿ ನಾನೂ ಕಮ್ಮಿಯವಳಲ್ಲ ಎಂಬ ಹೆಮ್ಮೆ ನನಗಿತ್ತು. ಅದೇ ವಿದ್ಯೆ ಒಂದು ಸಲ ನನ್ನನ್ನು ಎಂಟನೇ ತರಗತಿಯಲ್ಲಿ ಓದುತ್ತಿದ್ದ ಮಗಳ ಮುಂದೆ ತಲೆ ತಗ್ಗಿಸಿ ನಿಲ್ಲಿಸಿತು. ಆ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಆಗ ನಾವು ಚಿತ್ರದುರ್ಗದ ಕಡೆಯ ಒಂದು ಊರಿನಲ್ಲಿದ್ದೆವು. ನಮ್ಮವರಿಗೆ ಬ್ಯಾಂಕಿನಲ್ಲಿ ಕೆಲಸ. ಬಾಡಿಗೆ ಮನೆಯ ಹಿತ್ತಲ ಗೋಡೆಗೆ ಹೊಂದಿಕೊಂಡೇ ಮಗಳ ಶಾಲೆಯ ಮೈದಾನ. 2003ನೇ ಇಸವಿ. ಕರ್ನಾಟಕಕ್ಕೆ ಸತತ ಮೂರನೆಯ ವರ್ಷದ ಬರ. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು. ಅದೂ ರಾತ್ರಿ ಹನ್ನೊಂದಕ್ಕೋ ಬೆಳಗಿನ ಜಾವ ಮೂರಕ್ಕೋ. ಕೊಡ, ಬಕೆಟ್ಟು, ಕೊನೆಗೆ ಒಗ್ಗರಣೆ ಬಾಣಲೆಯನ್ನೂ ತುಂಬಿಸಿಟ್ಟುಕೊಂಡು ಬದುಕಿದ ಕಾಲ ಅದು. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಆ ವರ್ಷ ಜೂನ್‌ನಲ್ಲಿ ಶಾಲೆ ಶುರುವಾದಾಗ ಮಗಳು ಒಂದು ಹೊಸ ಸುದ್ದಿ ತಂದಳು. ‘ಗ್ಲೋಬ್’ ಎಂಬ ಕಾರ್ಯಕ್ರಮಕ್ಕೆ ಅವರ ಶಾಲೆ ಸೇರಿದೆಯಂತೆ. ಬೇರೆ ಬೇರೆ ದೇಶಗಳ ಶಾಲಾ ಮಕ್ಕಳು ತಮ್ಮ ತಮ್ಮ ಊರಿನ ಮಳೆ, ಬಿಸಿಲು, ಮೋಡ, ಮಣ್ಣು, ನೀರು ಇವನ್ನೆಲ್ಲ ಒಂದೇ ಕ್ರಮದಲ್ಲಿ ಅಳೆದು, ಆ ಲೆಕ್ಕವನ್ನು ಒಂದೇ ಕಡೆ ಸೇರಿಸಿ, ಎಲ್ಲರೂ ಹಂಚಿಕೊಳ್ಳುವ ಕೆಲಸ ಅದು. 1994ರ ಭೂಮಿ ದಿನದಂದು ಆಗ ಅಮೆರಿಕದ ಉಪಾಧ್ಯಕ್ಷರಾಗಿದ್ದ ಆಲ್ ಗೋರ್ ಇದನ್ನು ಪ್ರಕಟಿಸಿದ್ದರು. ಮರುವರ್ಷ ಕೆಲಸ ಶುರುವಾಯಿತು. ಭಾರತ ಸೇರಿದ್ದು 2000ದಲ್ಲಿ. ಈಗಂತೂ ನೂರಿಪ್ಪತ್ತಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ.

“ನಾವು ಅಳೆದದ್ದನ್ನ ವಿಜ್ಞಾನಿಗಳೂ ನೋಡ್ತಾರಮ್ಮ” ಎಂದು ಮಗಳು ಕಣ್ಣರಳಿಸಿದಳು. ಅದು ಸುಳ್ಳೇನಲ್ಲ. 1997ರಲ್ಲಿ ಅಮೆರಿಕ ಮತ್ತು ಜಪಾನ್ ಸೇರಿ ಉಷ್ಣವಲಯದ ಮಳೆಯನ್ನು ಅಳೆಯಲೆಂದೇ ಒಂದು ಉಪಗ್ರಹ ಹಾರಿಸಿದ್ದವು. ಆದರೆ ಮೇಲಿನಿಂದ ಕಂಡದ್ದು ಸರಿಯೋ ತಪ್ಪೋ ಎಂದು ನೋಡಬೇಕಾದರೆ ನೆಲದ ಮೇಲೆ ಯಾರಾದರೂ ಅಳೆದಿರಲೇಬೇಕು. ಆಕಾಶದ ಲೆಕ್ಕಕ್ಕೂ ಭೂಮಿಯ ಸಾಕ್ಷಿ ಬೇಕು ಎಂದಾಯಿತು.

ಮೈದಾನದ ನಡುವೆ, ಮರ ಗೋಡೆಗಳಿಂದ ದೂರ, ಒಂದು ಕಂಬ ನೆಟ್ಟು ಮಳೆಮಾಪಕ ಕೂರಿಸಿದರು. ನಾನು ಏನೋ ದೊಡ್ಡ ಯಂತ್ರವಿರಬೇಕು ಎಂದುಕೊಂಡಿದ್ದೆ. ನೋಡಿದರೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಅದರೊಳಗೆ ಇನ್ನೊಂದು ಸಣ್ಣ ಕೊಳವೆ, ಮೇಲೆ ಸೀಮೆಎಣ್ಣೆ ಹುಯ್ಯುವ ಆಲಿಕೆಯಂಥದ್ದು. ಅಷ್ಟೆ. ಒಳಗಿನ ಕೊಳವೆಯ ಬಾಯಿ ಹೊರಗಿನದರ ಹತ್ತನೇ ಒಂದು ಪಾಲು. ಹಾಗಾಗಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಳಗೆ ಹತ್ತು ಮಿಲಿಮೀಟರ್ ನೀರು ನಿಲ್ಲುತ್ತದೆ. ಮಿಲಿಮೀಟರಿನ ಹತ್ತನೇ ಭಾಗವನ್ನೂ ಬರಿಗಣ್ಣಿನಿಂದ ಓದಬಹುದು.

ಅಳೆಯುವ ಹೊತ್ತಿಗೂ ನಿಯಮವಿತ್ತು. ಸೂರ್ಯ ನೆತ್ತಿಯ ಮೇಲೆ ಬರುವ ಹೊತ್ತಿನ ಆಚೆ ಈಚೆ ಒಂದು ಗಂಟೆಯೊಳಗೆ ಓದಬೇಕು. ನಮ್ಮ ಊರಲ್ಲಿ ಅದು ಗಡಿಯಾರದ ಹನ್ನೆರಡಲ್ಲ, ಹನ್ನೆರಡೂವರೆಯ ಹತ್ತಿರ. ಪ್ರತಿದಿನ ಓದಬೇಕು. ಮಳೆ ಬಂದ ದಿನ ಮಾತ್ರವಲ್ಲ, ಬಾರದ ದಿನವೂ. ಬಾರದಿದ್ದರೆ 0.0 ಎಂದು ಬರೆಯಬೇಕು. ಅರ್ಧ ಮಿಲಿಮೀಟರಿಗಿಂತ ಕಡಿಮೆ ಬಿದ್ದಿದ್ದರೆ ಅದಕ್ಕೆ ‘ಟಿ’ ಎಂಬ ಅಕ್ಷರ. ನೀರು ಚೆಲ್ಲಿಹೋಯಿತು, ಅಳೆಯಲು ಆಗಲಿಲ್ಲ ಎಂದರೆ ‘ಎಂ’, ಅಂದರೆ ‘ಮಿಸ್ಸಿಂಗ್’. ಇದನ್ನೆಲ್ಲ ಮಗಳು ನನಗೆ ದೋಸೆ ಹುಯ್ಯುವಾಗ ಹೇಳಿದ್ದಳು. ದೋಸೆ ಹುಯ್ಯುವಾಗ ಹೇಳಿದ್ದು ಎಷ್ಟು ತಲೆಗೆ ಹೋಗುತ್ತದೆ ಎಂದು ನಿಮಗೇ ಗೊತ್ತು.

ನನಗೆ ವಿಚಿತ್ರವೆನಿಸಿದ್ದು ಆ ಸೊನ್ನೆ. ಆಗಸ್ಟ್ ಕೊನೆಯಿಂದ ಮಕ್ಕಳು ಪ್ರತಿದಿನ ಬಿಸಿಲಲ್ಲಿ ಹೋಗಿ, ಒಣ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಗಂಭೀರವಾಗಿ 0.0 ಎಂದು ಬರೆದುಕೊಂಡು ಬರುತ್ತಿದ್ದರು. ಮಘೆ ಹೋಯಿತು, ಹುಬ್ಬೆ ಹೋಯಿತು, ಉತ್ತರೆ ಹೋಯಿತು. ಪುಟದ ತುಂಬ ಸೊನ್ನೆ. “ಇಲ್ಲದ್ದನ್ನ ಏನೇ ಬರೆಯೋದು?” ಎಂದು ನಾನು ನಕ್ಕರೆ, “ಇಲ್ಲ ಅನ್ನೋದೂ ಒಂದು ಲೆಕ್ಕ ಅಮ್ಮ. ಯಾರೂ ಬರೆಯದಿದ್ರೆ ಬರ ಬಂದಿತ್ತು ಅಂತ ಹೆಂಗೆ ಗೊತ್ತಾಗುತ್ತೆ?” ಎಂದಳು. ನಾನು ಬಾಯಿ ಮುಚ್ಚಿಕೊಂಡೆ.

ದಸರಾ ರಜೆ ಬಂತು. ಶಾಲೆಗೆ ಬೀಗ. ಮೈದಾನದ ಚಿಕ್ಕ ಗೇಟಿನ ಕೀಲಿಯನ್ನು ವಿಜ್ಞಾನದ ಮೇಷ್ಟ್ರು ನಮ್ಮ ಮನೆಗೆ ಕೊಟ್ಟರು. ರಜೆಯಲ್ಲಿ ಅಳೆಯುವ ಭಾರ ಮಗಳದು. ಆದರೆ ಶಿವಮೊಗ್ಗದಿಂದ ಅವಳ ದೊಡ್ಡಮ್ಮ ಬೊಂಬೆ ನೋಡಲು ಬಾ ಎಂದು ಕರೆದದ್ದೇ ತಡ, ಅವಳ ಮನಸ್ಸು ಅತ್ತ ಹಾರಿತು. ಹೊರಡುವಾಗ ನೋಟ್‌ಪುಸ್ತಕವನ್ನು ನನ್ನ ಕೈಗಿತ್ತು, “ಬರೀ ನಾಕು ದಿನ ಅಮ್ಮ. ಹೆಂಗೂ ಸೊನ್ನೆನೇ ಇರುತ್ತೆ” ಎಂದಳು.

ಮೊದಲ ಎರಡು ದಿನ ಸೊನ್ನೆಯೇ ಆಯಿತು. ಅಕ್ಟೋಬರ್ 4, ಆಯುಧಪೂಜೆಯ ದಿನವೂ ಸೊನ್ನೆ ಬರೆದೆ. ಅಲ್ಲಿಗೆ ಸತತ ಮೂವತ್ತೆಂಟು ಸೊನ್ನೆ. ಆ ರಾತ್ರಿ ಮಾತ್ರ ಹಸ್ತದ ಮಳೆ ಬಂತು. ಗುಡುಗಿಲ್ಲದೆ ಸದ್ದಿಲ್ಲದೆ ಬಂದು ಕಿಟಕಿಯ ತಗಡಿನ ಮೇಲೆ ತಟತಟ ಅಂದಾಗ ನಾನು ಎದ್ದು ಕೂತೆ. ಮಣ್ಣಿನ ವಾಸನೆ ಒಳಗೆಲ್ಲ ತುಂಬಿತು. ನಮ್ಮವರು ನಿದ್ದೆಗಣ್ಣಿನಲ್ಲೇ, “ಬಂತಾ?” ಎಂದರು. “ಬಂತು” ಎಂದೆ. ಹಿತ್ತಲಿಗೆ ಹೋಗಿ ಸೂರಿನಡಿ ಬಕೆಟ್ಟುಗಳನ್ನು ಸಾಲಾಗಿ ಇಟ್ಟು ಬಂದೆ.

ಮರುದಿನ ವಿಜಯದಶಮಿ. ಮನೆಗೆ ಎಂಟು ಜನ ಊಟಕ್ಕೆ. ಹೂರಣ ರುಬ್ಬಿ, ಕಣಕ ನಾದಿ, ಹೋಳಿಗೆ ಬೇಯಿಸುತ್ತ ನಿಂತವಳಿಗೆ ಗಡಿಯಾರ ಎಲ್ಲಿ ಕಾಣಬೇಕು? ನೆನಪಾದಾಗ ಒಂದು ಗಂಟೆ ದಾಟಿತ್ತು. ಒಲೆ ಸಣ್ಣ ಮಾಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿದೆ. ಆಲಿಕೆ ತೆಗೆದು ಒಳಗಿನ ಕೊಳವೆ ಎತ್ತಿದೆನೋ ಇಲ್ಲವೋ, ಕೈಯ ಎಣ್ಣೆಜಿಡ್ಡಿಗೆ ಅದು ಜಾರಿ ಕೆಳಗೆ ಬಿತ್ತು. ನೀರೆಲ್ಲ ನೆಲಕ್ಕೆ. ಮೂವತ್ತೆಂಟು ದಿನ ಕಾದು ಬಂದ ಮಳೆಯನ್ನು ನೆಲ ನನ್ನ ಕಣ್ಣೆದುರೇ ಕುಡಿದುಬಿಟ್ಟಿತು.

ಆಗ ನಾನು ಏನು ಮಾಡಬೇಕಿತ್ತು? ‘ಎಂ’ ಎಂದು ಒಂದು ಅಕ್ಷರ ಬರೆಯಬೇಕಿತ್ತು. ಅದು ನನಗೆ ನೆನಪಿರಲಿಲ್ಲ ಎಂದು ಹೇಳಿದರೆ ಇನ್ನೊಂದು ಸುಳ್ಳಾದೀತು. ಅರೆಬರೆ ನೆನಪಿತ್ತು. ಆದರೆ ಮಗಳು ಬಂದು, “ಇಷ್ಟು ದಿನಕ್ಕೆ ಮಳೆ ಬಂದಾಗಲೇ ಚೆಲ್ಲಿದೆಯಾ?” ಎನ್ನುತ್ತಾಳಲ್ಲ ಎಂದು ಸಂಕಟವಾಯಿತು. ಹಿತ್ತಲ ಬಕೆಟ್ಟಿನಲ್ಲಿ ನಿಂತ ನೀರನ್ನು ನೋಡಿದೆ. ಸೂರಿನ ನೀರು ಸುರಿದ ಬಕೆಟ್ಟು ಮಳೆಯ ಲೆಕ್ಕ ಹೇಳುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಬೆರಳಿಟ್ಟು ಅಂದಾಜು ಮಾಡಿ, ಉಪ್ಪು ಹಾಕುವಾಗ ಕೈಗೆ ಹೇಗೆ ತಾನಾಗಿ ತಿಳಿಯುತ್ತದೋ ಅಷ್ಟೇ ಧೈರ್ಯದಿಂದ 14.0 ಎಂದು ಬರೆದೆ. ಬರೆದು, ಹೋಳಿಗೆ ಮಗುಚಲು ಓಡಿದೆ. ಸಾರಿಗೆ ಒಂದು ಲೋಟ ನೀರು ಬೆರೆಸಿದಷ್ಟೇ ಹಗುರ ಮನಸ್ಸು.

ರಜೆ ಮುಗಿಯಿತು. ಊರಿನ ಒಂದೇ ಒಂದು ಸೈಬರ್ ಸೆಂಟರಿನಿಂದ ಮೇಷ್ಟ್ರು ಲೆಕ್ಕವನ್ನೆಲ್ಲ ಕಳಿಸಿದರು. ಆ ಅಕ್ಟೋಬರಿನಲ್ಲಿ ಮುಂದೆ ಬಿದ್ದ ಮಳೆಯೆಲ್ಲ ಸೇರಿ 11.6 ಮಿಲಿಮೀಟರ್. ನನ್ನ ಒಂದು ದಿನದ್ದೇ ಅದಕ್ಕಿಂತ ಹೆಚ್ಚು!

ನನಗೆ ಮೊದಲ ಚುಚ್ಚು ಬಿದ್ದದ್ದು ನಮ್ಮ ಮನೆಗೆ ಹಾಲು ತರುತ್ತಿದ್ದ ಅಕ್ಕನಿಂದ. ಊರಿಗೆ ಹೊಂದಿಕೊಂಡೇ ಅವರ ಎರಡು ಎಕರೆ ಹೊಲ, ಅದರಲ್ಲಿ ಶೇಂಗಾ. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಲೀಟರು ಅಳೆಯುತ್ತ, “ಗಿಡ ಕಿತ್ತು ನೋಡಿದ್ರೆ ಬರೀ ಜೊಳ್ಳು ಕಣಕ್ಕ” ಎಂದರು. “ಹಬ್ಬದ ರಾತ್ರಿ ಮಳೆ ಬಂತಲ್ಲಾ?” ಎಂದೆ. “ಎಲ್ಲಿ ಬಂತು? ಹೊಲ್ದಾಗೆ ಕೆದಕಿ ನೋಡಿದ್ನಲ್ಲ, ಎರಡು ಬೆರಳು ನೆಂದಿರಲಿಲ್ಲ. ಒಂದು ಗೇಣು ನೆಂದಿದ್ರೆ ಕಾಯಿ ಕಟ್ಟತಿತ್ತು” ಎಂದರು. ಅವರ ಮಳೆಮಾಪಕ ಅವರ ಬೆರಳೇ. ಅದು ಸುಳ್ಳು ಹೇಳುವುದಿಲ್ಲ.

ಆ ದಿನ ಮಗಳ ಪುಸ್ತಕ ತೆಗೆದು ನೋಡಿದೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು ಎಂದು ಮೊದಲ ಪುಟದಲ್ಲೇ ಬರೆದಿತ್ತು. ಎಕರೆಗೆ ನಾಲ್ಕು ಸಾವಿರ ಚದರ ಮೀಟರಿಗೂ ಸ್ವಲ್ಪ ಹೆಚ್ಚು. ಪೆನ್ಸಿಲ್ಲು ಹಿಡಿದು ಗುಣಿಸಿದೆ. ಹದಿನಾಲ್ಕು ಮಿಲಿಮೀಟರಿಗೆ ಎಕರೆಗೆ ಐವತ್ತಾರು ಸಾವಿರ ಲೀಟರ್. ನಮ್ಮ ಬೀದಿಗೆ ಬರುತ್ತಿದ್ದ ಐದು ಸಾವಿರ ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಹನ್ನೊಂದು ಟ್ಯಾಂಕರ್! ಆ ಅಕ್ಕನ ಒಂದೊಂದು ಎಕರೆಗೂ ನಾನು ಕುಂತಲ್ಲೇ ಹನ್ನೊಂದು ಟ್ಯಾಂಕರ್ ನೀರು ಬಿಟ್ಟಿದ್ದೆ, ಕಾಗದದ ಮೇಲೆ. ಹೊಲದಲ್ಲಿ ಮಾತ್ರ ಕಾಯಿ ಕಟ್ಟಿರಲಿಲ್ಲ.

ಆದರೂ ಬಾಯಿ ಬಿಡಲಿಲ್ಲ. ಕಳಿಸಿದ್ದಾಗಿದೆ, ಇನ್ನೇಕೆ ಎಂದುಕೊಂಡೆ.

ಇಷ್ಟರಲ್ಲಿ ಇನ್ನೊಂದು ಆಯಿತು. ಈ ಕಾರ್ಯಕ್ರಮದ ಮೂಲಕವೇ ಫಿನ್ಲೆಂಡಿನ ಒಂದು ಶಾಲೆಯ ಮಕ್ಕಳು ನಮ್ಮ ಮಕ್ಕಳಿಗೆ ಪರಿಚಯವಾಗಿದ್ದರು. ಅವರ ಲೆಕ್ಕ ಇವರು ನೋಡುವುದು, ಇವರದು ಅವರು. ಅವರು ಹಿಮವನ್ನು ಹಿಡಿದು, ಕರಗಿಸಿ, ನೀರು ಮಾಡಿ ಅಳೆಯುತ್ತಾರೆ ಎಂದು ಕೇಳಿ ನಮ್ಮ ಮಕ್ಕಳಿಗೆ ಸೋಜಿಗ. ಅವರಿಗೆ ಸೋಜಿಗವಾದದ್ದು ನಮ್ಮ ಸೊನ್ನೆಗಳು. ‘ಮೂವತ್ತೆಂಟು ದಿನ ಸೊನ್ನೆ ಬರೆದಿದ್ದೀರಿ, ನಿಮ್ಮ ಮಾಪಕ ಸರಿಯಾಗಿದೆಯೇ?’ ಎಂದು ಕೇಳಿದರು. ಸರಿಯಾಗಿದೆ, ಸರಿಯಿಲ್ಲದ್ದು ಮಳೆ ಎಂದು ಇವರು ಉತ್ತರ ಕೊಟ್ಟರು. ಆಮೇಲೆ ಅವರಿಂದ ಇನ್ನೊಂದು ಪ್ರಶ್ನೆ ಬಂತು. ‘ಅಷ್ಟು ದಿನ ಕಾದ ಮೇಲೆ ಅಕ್ಟೋಬರ್ 5ಕ್ಕೆ ಒಮ್ಮೆಲೇ 14.0 ಇದೆ. ಆ ದಿನ ನಿಮ್ಮ ಊರಿನವರು ಏನು ಮಾಡಿದರು? ಎಲ್ಲರೂ ಹೊರಗೆ ಬಂದು ನೆನೆದರೇ?’

ನನ್ನ ಸುಳ್ಳು ಹಿಮದ ದೇಶಕ್ಕೆ ಹೋಗಿ, ಯಾರದೋ ಮಕ್ಕಳಿಗೆ ಸಂತೋಷ ಕೊಟ್ಟು, ತಿರುಗಿ ನಮ್ಮ ಮನೆ ಬಾಗಿಲಿಗೇ ಬಂದಿತ್ತು.

2004ರ ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಅಂದು ಮಕ್ಕಳು ವರ್ಷದ ಫಲಿತಾಂಶವನ್ನು ಊರಿನವರ ಮುಂದೆ ಇಡಬೇಕೆಂದು ಮೇಷ್ಟ್ರು ನಿಶ್ಚಯಿಸಿದರು. ಹಿಂದಿನ ರಾತ್ರಿ ಮಗಳು ನಡುಮನೆಯಲ್ಲಿ ದೊಡ್ಡ ಹಾಳೆ ಹರಡಿಕೊಂಡು, ತಿಂಗಳಿಗೊಂದು ನೀಲಿ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುತ್ತಿದ್ದಳು. ಅಕ್ಟೋಬರಿನ ಪಟ್ಟಿಗೆ ಬಂದಾಗ ತಲೆಯೆತ್ತಿ, “ಅಮ್ಮ, ಆ ಹದಿನಾಲ್ಕು ಬಿದ್ದ ರಾತ್ರಿ ಹೆಂಗಿತ್ತು ಹೇಳು. ನಾನು ಇರಲಿಲ್ಲವಲ್ಲ. ಫಿನ್ಲೆಂಡಿನವರಿಗೂ ಬರೀಬೇಕು, ನಾಳೆ ಎಲ್ಲರ ಮುಂದೂ ಹೇಳಬೇಕು” ಎಂದಳು.

ನಾನು ಅಕ್ಕಿ ಆರಿಸುತ್ತಿದ್ದೆ. ಮರದಲ್ಲಿದ್ದ ಕೈ ನಿಂತಿತು. ಇನ್ನೊಂದು ಲೋಟ ನೀರು ಬೆರೆಸಬಹುದಿತ್ತು. ಜೋರು ಮಳೆ, ಬೀದಿಯಲ್ಲಿ ನೀರು ಹರಿಯಿತು ಎಂದಿದ್ದರೆ ಮುಗಿಯುತ್ತಿತ್ತು. ಅವಳು ಅದನ್ನೇ ಬರೆದುಕೊಳ್ಳಲು ಪೆನ್ನು ಹಿಡಿದಿದ್ದಳು. ಆ ಪೆನ್ನು ನೋಡಿ ನನಗೆ ತಡೆಯಲಾಗಲಿಲ್ಲ. “ನಾನು ಅಳೆಯಲಿಲ್ಲ ಪುಟ್ಟಿ, ಚೆಲ್ಲಿಬಿಟ್ಟೆ. ಅದು ಅಂದಾಜಿಗೆ ಬರೆದದ್ದು” ಎಂದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತು ಹಾಳೆಯನ್ನೇ ನೋಡಿದಳು. “ಹಂಗಾದ್ರೆ ಎಷ್ಟು ಬಿದ್ದಿತ್ತು?” ಎಂದು ಕೇಳಿದಳು. “ಗೊತ್ತಿಲ್ಲ.” “ಸ್ವಲ್ಪಾನೋ ಜಾಸ್ತಿನೋ?” “ಗೊತ್ತಿಲ್ಲ ಕಣೇ.” ಅವಳು, “ಎಲ್ಲಾ ಮಳೆಗೂ ಚುಕ್ಕಿ ಆದ ಮೇಲೆ ಏನಾದ್ರೂ ಇತ್ತು, ಇದಕ್ಕೊಂದೇ ಸೊನ್ನೆ. ನನಗೆ ಅನುಮಾನ ಬರಬೇಕಿತ್ತು” ಎಂದು ತನ್ನನ್ನೇ ಬೈದುಕೊಂಡಳು. ನನ್ನನ್ನು ಬೈದದ್ದಕ್ಕಿಂತ ಅದು ಹೆಚ್ಚು ನಾಟಿತು. ಆಮೇಲೆ ಒದ್ದೆ ಬಟ್ಟೆ ತಂದು ಅಕ್ಟೋಬರಿನ ಪಟ್ಟಿಯನ್ನು ಹುಷಾರಾಗಿ ಬಿಡಿಸಿ, ಕತ್ತರಿಯಿಂದ ಅರ್ಧಕ್ಕೂ ಹೆಚ್ಚು ಕತ್ತರಿಸಿಹಾಕಿದಳು.

“ನಾಳೆ ಏನಂತ ಹೇಳ್ತೀಯ?” ಎಂದೆ.

“ಆಗಿದ್ದು ಆದಂಗೆ ಹೇಳ್ತೀನಿ. ನಿನ್ನ ಹೆಸರು ಹೇಳಲ್ಲ, ಬಿಡು.”

ಮರುದಿನ ಶಾಲೆಯ ಸಭಾಂಗಣದಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹಾಲಿನ ಅಕ್ಕನೂ ಮೊಮ್ಮಗನ ಜೊತೆ ಬಂದಿದ್ದರು. ಮಗಳು ಕೋಲು ಹಿಡಿದು ಜೂನ್, ಜುಲೈ ಎಂದು ಹೇಳುತ್ತ ಬಂದಳು. ಸೆಪ್ಟೆಂಬರಿನ ಜಾಗದಲ್ಲಿ ಪಟ್ಟಿಯೇ ಇರಲಿಲ್ಲ. ಅಲ್ಲಿ ಬರೀ 0.0. ಅಕ್ಟೋಬರಿಗೆ ಬಂದಾಗ, “ಇಲ್ಲಿ 11.6 ಮಿಲಿಮೀಟರ್ ಅಂತ ಇದೆ. ಇದರ ಜೊತೆಗೆ ಒಂದು ದಿನದ ಮಳೆ ಎಷ್ಟೂಂತ ನಮಗೆ ಗೊತ್ತಿಲ್ಲ. ನೀರು ಚೆಲ್ಲಿಹೋಯ್ತು. ನಾವು ಮೊದಲು ಅಲ್ಲಿ ಅಂದಾಜು ಬರೆದಿದ್ವಿ. ಅದು ತಪ್ಪು. ಈಗ ಎಂ ಅಂತ ಹಾಕಿದೀವಿ” ಎಂದಳು. ‘ನಾವು’ ಎಂದಳು. ನನ್ನ ತಪ್ಪನ್ನು ತನ್ನ ಪಾಲಿಗೂ ಹಂಚಿಕೊಂಡಳು.

ಮುಂದಿನ ಸಾಲಿನಲ್ಲಿದ್ದ ಗಣ್ಯರೊಬ್ಬರು, “ಸಾಲೆ ಮಕ್ಕಳ ಲೆಕ್ಕ, ಒಂದು ದಿನದ್ದು ಹೆಚ್ಚುಕಮ್ಮಿ ಆದರೆ ಏನೀಗ?” ಎಂದು ನಕ್ಕರು. ವಿಜ್ಞಾನದ ಮೇಷ್ಟ್ರು ನಗಲಿಲ್ಲ. “ಆ ಒಂದು ದಿನ ಸೇರಿಸಿದ್ದರೆ ನಮ್ಮೂರಿನ ಅಕ್ಟೋಬರ್ ಮಳೆ ಎರಡು ಪಟ್ಟಿಗಿಂತ ಹೆಚ್ಚಾಗುತ್ತಿತ್ತು ಸಾರ್” ಎಂದು ಮಾತ್ರ ಹೇಳಿದರು. ಹಾಲಿನ ಅಕ್ಕ ನನ್ನ ಪಕ್ಕಕ್ಕೆ ಬಾಗಿ, “ನಿಮ್ಮ ಹುಡುಗಿ ಸರಿಯಾಗಿ ಹೇಳ್ತು. ಅವತ್ತು ನಮ್ಮ ಹೊಲ ನೆಂದಿರಲಿಲ್ಲ” ಎಂದರು. ನಾನು ತಲೆ ತಗ್ಗಿಸಿದೆ. ಎದ್ದು ನಿಂತು, ಚೆಲ್ಲಿದವಳು ನಾನೇ ಎನ್ನುವ ಧೈರ್ಯ ಆ ದಿನ ಬರಲಿಲ್ಲ. ಇಷ್ಟು ವರ್ಷದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಮಕ್ಕಳು ಕಾರ್ಯಕ್ರಮಕ್ಕೂ ಫಿನ್ಲೆಂಡಿನ ಶಾಲೆಗೂ ತಿದ್ದುಪಡಿ ಕಳಿಸಿದರು. ಅಲ್ಲಿಯವರು ಏನಂದಾರೋ ಎಂದು ಮಗಳಿಗಿಂತ ನನಗೇ ಹೆಚ್ಚು ಆತಂಕ. ಹತ್ತು ದಿನಕ್ಕೆ ಉತ್ತರ ಬಂತು. ತಿಳಿಸಿದ್ದಕ್ಕೆ ಸಂತೋಷ, ನಮ್ಮ ಪಟ್ಟಿಯಲ್ಲೂ ಮೂರು ‘ಎಂ’ ಇವೆ, ಒಂದು ಸಲ ಚಳಿಗೆ ನಮ್ಮ ಕೊಳವೆಯೇ ಸೀಳಿಹೋಗಿತ್ತು ಎಂದು ಬರೆದಿದ್ದರು. ಕೊನೆಯಲ್ಲಿ, ‘ಎಷ್ಟು ಬಿತ್ತೆಂದು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಆ ರಾತ್ರಿ ಹೇಗಿತ್ತು ಎಂದು ಬರೆಯಿರಿ’ ಎಂದು ಕೇಳಿದ್ದರು. ಆಗ ನಾನು ಮಗಳನ್ನು ಕೂರಿಸಿಕೊಂಡು ತಗಡಿನ ತಟತಟ, ಮಣ್ಣಿನ ವಾಸನೆ, ನಿದ್ದೆಗಣ್ಣಿನ ಅವರಪ್ಪನ “ಬಂತಾ?” ಎಲ್ಲ ಹೇಳಿದೆ. ಅದಷ್ಟೂ ನಿಜವಾಗಿತ್ತು.

ಆ ಮೇಲೆ ಕಾಲ ಬಹಳ ಬದಲಾಯಿತು. 2007ರ ಮುಂಗಾರಿನಿಂದ ನಮ್ಮ ರಾಜ್ಯದಲ್ಲಿ ಹವಾಮಾನ ಆಧಾರಿತ ಬೆಳೆವಿಮೆಯ ಪ್ರಯೋಗ ಶುರುವಾಯಿತು. ಎಷ್ಟು ಮಿಲಿಮೀಟರ್ ಬಿತ್ತು ಎಂಬ ಅಂಕಿಯೇ ರೈತರಿಗೆ ಪರಿಹಾರ ಬರುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಕಾಲ ಬಂತು. ಆ ಸುದ್ದಿ ಓದಿದಾಗ ನನ್ನ ಮೈ ಜುಮ್ಮೆಂದಿತು. ಹೋಳಿಗೆ ಹೆಂಚು ನೆನೆಸಿಕೊಂಡು ಯಾರೋ ಅವಸರದಲ್ಲಿ ಬರೆದ ಒಂದು 14.0 ಯಾರದೋ ಮನೆಯ ಒಲೆ ಆರಿಸಬಲ್ಲದು. ಸಾರಿಗೆ ನೀರು ಬೆರೆಸುವುದು ಹಂಚಿಕೊಂಡು ಉಣ್ಣುವುದಕ್ಕೆ. ಲೆಕ್ಕ ಹಂಚಿಕೊಳ್ಳುವಾಗ ಬೆರೆಸಿದರೆ ಇನ್ನೊಬ್ಬರ ಪಾಲಿನದ್ದನ್ನೇ ಕಿತ್ತುಕೊಂಡಂತೆ. ಈ ವ್ಯತ್ಯಾಸ ನನಗೆ ನಲವತ್ತು ದಾಟಿದ ಮೇಲೆ, ಹದಿಮೂರರ ಹುಡುಗಿಯಿಂದ ತಿಳಿಯಿತು.

ಮಗಳು ಈಗ ಬೆಂಗಳೂರಿನಲ್ಲಿದ್ದಾಳೆ. ಮೋಡ ಕವಿದ ದಿನ ಫೋನು ಮಾಡಿ, “ಮಳೆ ಬಂತಾ ಅಮ್ಮ? ಎಷ್ಟು?” ಎನ್ನುತ್ತಾಳೆ. “ಬಂತು. ಎಷ್ಟೋ ಗೊತ್ತಿಲ್ಲ” ಎನ್ನುತ್ತೇನೆ. ಅವಳು ನಗುತ್ತಾಳೆ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ನನ್ನ ಹಾಲಿನ ಲೆಕ್ಕ ಇಂದಿಗೂ ನಡೆದಿದೆ. ಅರ್ಧ ಲೀಟರಿಗೆ ಒಂದು ಗೀಟು, ತೆಗೆದುಕೊಳ್ಳದ ದಿನಕ್ಕೆ ಸೊನ್ನೆ. ಮೊದಲೆಲ್ಲ ಗುರುತು ಹಾಕಲು ಮರೆತ ದಿನಕ್ಕೆ ತಿಂಗಳ ಕೊನೆಯಲ್ಲಿ ನೆನಪಿಸಿಕೊಂಡಂತೆ ನಟಿಸಿ ಏನೋ ಒಂದು ಗೀಚುತ್ತಿದ್ದೆ. ಮೊನ್ನೆ ನಮ್ಮವರು ಕನ್ನಡಕ ಏರಿಸಿಕೊಂಡು, “ಇದೇನೇ, ಹನ್ನೊಂದನೇ ತಾರೀಕಿಗೆ ಎಂ ಅಂತ ಬರೆದಿದ್ದೀಯ?” ಎಂದು ಕೇಳಿದರು.

“ಅವತ್ತು ಎಷ್ಟು ತಗೊಂಡೆನೋ ನೆನಪಿಲ್ಲ. ಹಾಲಿನವನನ್ನೇ ಕೇಳಿ ಹಾಕಬೇಕು” ಎಂದೆ.